ಸ್ಕೋರ್ ಬರೆಯುತ್ತಿದ್ದ ಹುಡುಗಿ ಆಟಕ್ಕೆ ಇಳಿದ ಬಗೆ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಹುಡುಗಿಗೆ ಏಳೂವರೆ ವರ್ಷ. ಇಲ್ಲಿ ಅವಳನ್ನು ಮಿನು ಎನ್ನೋಣ. ಹೆಸರು, ಶಾಲೆ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ ಇಲ್ಲವೇ ಬಿಟ್ಟಿದ್ದೇನೆ. ಅಪ್ಪ-ಅಮ್ಮ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ. ಆಟದ ಮೂಲಕ ಮಗುವಿನ ಮನಸ್ಸಿಗೆ ನೆರವಾಗುವ ಪ್ಲೇ ಥೆರಪಿಯಲ್ಲೂ ತರಬೇತಿ ಆಗಿದೆ. ಕೈಕಾಲಿನ ಹೊಂದಾಣಿಕೆ ಕಷ್ಟವಾಗಿರುವ ಮಕ್ಕಳಿಗೆ ಆಟದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ಮಿನು ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಕಂಡಿತು. ಅದಕ್ಕೇ ಇದನ್ನು ಆರಿಸಿಕೊಂಡೆ.

ಹಿನ್ನೆಲೆ

ಮಿನುವನ್ನು ನಮ್ಮಲ್ಲಿಗೆ ಕಳಿಸಿದ್ದು ಮಕ್ಕಳ ಡಾಕ್ಟರು. ಕಾರಣ ಹೊಟ್ಟೆನೋವು. ವಾರದಲ್ಲಿ ಎರಡು ದಿನ, ಅದೂ ಬೆಳಿಗ್ಗೆ ಮಾತ್ರ ಬರುವ ನೋವು. ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಯಾವ ಎರಡು ದಿನ ಎಂದು ಡಾಕ್ಟರು ಕೇಳಿದಾಗ ಅಮ್ಮನಿಗೆ ಹೊಳೆಯಿತು: ಆಟದ ಪೀರಿಯಡ್ ಇರುವ ದಿನಗಳು.

ಹುಟ್ಟಿದ್ದು ಸರಿಯಾದ ಸಮಯಕ್ಕೆ. ನಡೆದದ್ದು ಸ್ವಲ್ಪ ತಡ, ಆದರೆ ಚಿಂತೆ ಪಡುವಷ್ಟಲ್ಲ. ಮಾತು ಬೇಗ ಬಂದಿತ್ತು. ಓದಿನಲ್ಲಿ ತರಗತಿಗಿಂತ ಮುಂದೆ. ಕಥೆ ಹೇಳಲು ಕೂತರೆ ದೊಡ್ಡವರೂ ಕಿವಿಗೊಟ್ಟು ಕೇಳಬೇಕು. ಇಷ್ಟೆಲ್ಲ ಚೆನ್ನಾಗಿ ಇದ್ದದ್ದರಿಂದಲೇ ಉಳಿದದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಉಳಿದದ್ದು ಕಮ್ಮಿ ಇರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಶೂ ಲೇಸ್ ಕಟ್ಟಲು ಬರುತ್ತಿರಲಿಲ್ಲ. ಲೋಟದ ತುಂಬ ನೀರು ತಂದರೆ ಅರ್ಧ ನೆಲಕ್ಕೆ. ಬಾಗಿಲು ದಾಟುವಾಗ ಚೌಕಟ್ಟಿಗೆ ಭುಜ ತಗುಲುವುದು ದಿನಾ ಇದ್ದದ್ದೇ. ಪೆನ್ಸಿಲನ್ನು ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ, ಅಚ್ಚು ಕೆಳಗಿನ ಮೂರು ಹಾಳೆಗಳಲ್ಲೂ ಮೂಡಿರುತ್ತಿತ್ತು. ಅರ್ಧ ಪುಟ ಮುಗಿಯುವಷ್ಟರಲ್ಲಿ ಕೈ ಸೋತು ಹೋಗುತ್ತಿತ್ತು.

"ಬುದ್ಧಿ ಇದೆ, ಗಮನ ಇಲ್ಲ ಅಂತಾರೆ ಮೇಡಂ ಎಲ್ರೂ," ಎಂದರು ಅಮ್ಮ. "ದಿನಾ ಕಾಪಿ ರೈಟಿಂಗ್ ಬರೆಸಿ ಅಂದ್ರು. ವರ್ಷ ಪೂರ್ತಿ ಬರೆಸಿದ್ವಿ. ಅಕ್ಷರ ಹಾಗೇ ಇದೆ, ಪುಸ್ತಕ ಕಂಡ್ರೆ ಅಳೋಕೆ ಶುರು ಮಾಡ್ತಾಳೆ."

ಶಾಲೆಯಿಂದ ಒಂದು ಚೀಟಿ ತರಿಸಿಕೊಂಡೆವು. ಅದರಲ್ಲಿ ಇದ್ದದ್ದೆಲ್ಲ ಒಳ್ಳೆಯ ಮಾತೇ. ಶಾಂತ ಸ್ವಭಾವ, ಚುರುಕು ಹುಡುಗಿ, ಅಕ್ಷರ ಸುಧಾರಿಸಬೇಕು. ಕೊನೆಯಲ್ಲಿ ಒಂದು ಸಾಲು: ಆಟದ ಪೀರಿಯಡ್‌ನಲ್ಲಿ ಸ್ಕೋರ್ ಬರೆಯುವ ಜವಾಬ್ದಾರಿಯನ್ನು ಅಚ್ಚುಕಟ್ಟಾಗಿ ನಿಭಾಯಿಸುತ್ತಾಳೆ.

ಈ ಸಾಲಿಗೆ ಮುಂದೆ ಮತ್ತೆ ಬರುತ್ತೇನೆ.

ತಪಾಸಣೆ

ಎಲ್ಲಕ್ಕಿಂತ ಮೊದಲು ಬೇರೆ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಇದನ್ನು ಬಿಟ್ಟು ನೇರವಾಗಿ ಥೆರಪಿ ಶುರು ಮಾಡುವುದು ಅಪಾಯ. ಮೊದಲು ಬರುತ್ತಿದ್ದ ಕೆಲಸ ಈಗ ಮಗುವಿಗೆ ಬರುತ್ತಿಲ್ಲವೇ? ದೇಹದ ಒಂದು ಬದಿ ಮಾತ್ರ ಸೋಲುತ್ತಿದೆಯೇ? ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಮೈಯನ್ನು ಮೇಲೆತ್ತಿಕೊಳ್ಳುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ದಾರಿ ಬೇರೆ. ನರರೋಗ ತಜ್ಞರು ನೋಡಬೇಕು. ತೊಡೆಗೆ ಕೈಯೂರಿ ಏಳುವುದು ಡ್ಯುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿಯಂಥ ಸ್ನಾಯುರೋಗದ ಸುಳಿವಾಗಿರಬಹುದು. ಮಿನುವಿಗೆ ಇದ್ಯಾವುದೂ ಇರಲಿಲ್ಲ. ಕಣ್ಣಿನ ಪರೀಕ್ಷೆಯೂ ಆಯಿತು.

ಆಮೇಲೆ ಎಂಎಬಿಸಿ-2 ಪರೀಕ್ಷೆ. ಮಕ್ಕಳ ಚಲನೆಯನ್ನು ಮೂರು ಭಾಗದಲ್ಲಿ ಅಳೆಯುವ ಪರೀಕ್ಷೆ ಇದು: ಕೈಬೆರಳಿನ ಕೆಲಸ, ಗುರಿಯಿಟ್ಟು ಎಸೆಯುವುದು ಮತ್ತು ಹಿಡಿಯುವುದು, ಸಮತೋಲ. ಒಟ್ಟು ಅಂಕ 5ನೇ ಪರ್ಸೆಂಟೈಲ್ ಅಥವಾ ಅದಕ್ಕಿಂತ ಕೆಳಗಿದ್ದರೆ, ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಕೊನೆಯ ಐವರ ಸಾಲಿನಲ್ಲಿದ್ದರೆ, ಕೆಂಪು ವಲಯ, 6ರಿಂದ 15ರವರೆಗೆ ಹಳದಿ, ಅದರ ಮೇಲೆ ಹಸಿರು. ಮಿನು ಕೆಂಪಿನಲ್ಲಿದ್ದಳು. ಆದರೆ ಅಂಕಕ್ಕಿಂತ ಜಾಸ್ತಿ ಹೇಳಿದ್ದು ಅವಳು ಚೆಂಡು ಹಿಡಿದ ರೀತಿ. ಚೆಂಡನ್ನು ಗೋಡೆಗೆ ಎಸೆದು, ವಾಪಸ್ ಬಂದಾಗ ಎರಡೂ ಕೈಯಲ್ಲಿ ಹಿಡಿಯಬೇಕು. ಅವಳು ಎಸೆದಳು. ಚೆಂಡು ತಿರುಗಿ ಬರುವ ಮೊದಲೇ ಮುಖ ಪಕ್ಕಕ್ಕೆ ಹೊರಳಿತು, ಕಣ್ಣು ಮುಚ್ಚಿತು, ತೋಳುಗಳು ಸೆಟೆದು ಮುಂದೆ ಚಾಚಿಕೊಂಡವು. ಚೆಂಡು ಎದೆಗೆ ತಾಗಿ ಕೆಳಗೆ ಬಿದ್ದ ಮೇಲೆ ಅಂಗೈಗಳು ಒಂದಕ್ಕೊಂದು ಸೇರಿದವು. ಕೈ ಬಂದದ್ದು ತಡವಾಗಿ. ಹೆದರಿಕೆ ಮಾತ್ರ ಬೇಗನೇ ಬಂದಿತ್ತು.

ಇದಕ್ಕೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎಂದು ಹೆಸರು. ಚಿಕ್ಕದಾಗಿ ಡಿಸಿಡಿ. ಈ ಹೆಸರು ಇಡಬೇಕಾದರೆ ನಾಲ್ಕು ಮಾತು ನಿಜವಾಗಿರಬೇಕು. ಚಲನೆಯ ಕೌಶಲ ವಯಸ್ಸಿಗೆ ತಕ್ಕಷ್ಟು ಇರಬಾರದು. ಅದರಿಂದ ದಿನದ ಬದುಕಿಗೆ, ಓದಿಗೆ, ಆಟಕ್ಕೆ ತೊಡಕಾಗಿರಬೇಕು. ಚಿಕ್ಕ ವಯಸ್ಸಿನಲ್ಲೇ ಶುರುವಾಗಿರಬೇಕು. ಬುದ್ಧಿಮಟ್ಟ, ದೃಷ್ಟಿ, ನರಗಳ ಕಾಯಿಲೆ ಇವುಗಳಿಂದ ಬಂದದ್ದಾಗಿರಬಾರದು. 2013ರಲ್ಲಿ ಬಂದ ಡಿಎಸ್‌ಎಂ-5 (ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ) ಪ್ರಕಾರ 5ರಿಂದ 11 ವರ್ಷದ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಇದು ಇದೆ. ಅಂದರೆ ದೊಡ್ಡ ತರಗತಿಯೊಂದರಲ್ಲಿ ಒಂದಾದರೂ ಮಗು. ಗಂಡುಮಕ್ಕಳಲ್ಲಿ ಜಾಸ್ತಿ ಕಾಣುತ್ತದೆ. ಹೆಣ್ಣುಮಕ್ಕಳು, ಅದರಲ್ಲೂ ಗಲಾಟೆ ಮಾಡದವರು, ಸುಲಭವಾಗಿ ಕಣ್ತಪ್ಪಿ ಹೋಗುತ್ತಾರೆ.

ಸ್ನಾಯು ಬಲಹೀನವಾಗಿರುವುದರಿಂದ ಇದು ಬರುವುದಿಲ್ಲ. ನಾವು ಕೈಕಾಲು ಆಡಿಸುವಾಗ ಮೆದುಳು ಮುಂದೇನಾಗುತ್ತದೆಂದು ಮೊದಲೇ ಊಹಿಸಿ, ದಾರಿಯಲ್ಲೇ ತಿದ್ದಿಕೊಳ್ಳುತ್ತಿರುತ್ತದೆ. ಈ ಊಹೆ ಮತ್ತು ತಿದ್ದುಪಡಿ ನಿಧಾನವಾಗಿರುವುದೇ ತೊಂದರೆಯ ಬೇರು ಅನ್ನುವುದು ಸಂಶೋಧಕರು ಕೊಡುವ ಒಂದು ಮುಖ್ಯ ವಿವರಣೆ. ಕತ್ತಲಲ್ಲಿ ಇನ್ನೂ ಒಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟು ತತ್ತರಿಸುತ್ತೇವಲ್ಲ, ಆ ಗಳಿಗೆ ಈ ಮಕ್ಕಳಿಗೆ ದಿನಕ್ಕೆ ಹತ್ತಾರು ಸಲ ಬರುತ್ತದೆ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೇಕಂತ ಬೀಳಿಸ್ತಿರಲಿಲ್ಲ ಅವಳು," ಎಂದರು.

ಡಿಸಿಡಿ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಡಿಎಚ್‌ಡಿಯೂ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯೂ, ಜೊತೆಗಿರುತ್ತದೆ. ಅದನ್ನೂ ನೋಡಿದೆವು. ಮಿನುವಿಗೆ ಇರಲಿಲ್ಲ.

ಸಮಸ್ಯೆ ಎಲ್ಲಿ ಕೂತಿತ್ತು

ಡಿಸಿಡಿ ಎಂದು ಗೊತ್ತಾದ ಮಾತ್ರಕ್ಕೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಮಿನುವಿನ ಕೈ ಕಲಿಯುವುದು ನಿಧಾನ, ಅದು ಒಂದು. ಇನ್ನೊಂದು ಏನೆಂದರೆ, ಅವಳು ಪ್ರಯತ್ನ ಮಾಡುವುದನ್ನೇ ಬಿಟ್ಟಿದ್ದಳು. ಅದೂ ಎಷ್ಟು ನಯವಾಗಿ ಅಂದರೆ ಯಾರಿಗೂ ತಿಳಿಯದ ಹಾಗೆ.

ಶಾಲೆಯ ಚೀಟಿಯ ಕೊನೆಯ ಸಾಲು ಹೇಳುತ್ತಿದ್ದುದು ಇದನ್ನೇ. ತಂಡದಲ್ಲಿ ಯಾರೂ ಸೇರಿಸಿಕೊಳ್ಳದಿದ್ದಾಗ ಟೀಚರ್ ಪ್ರೀತಿಯಿಂದಲೇ ಸ್ಕೋರ್ ಪುಸ್ತಕ ಕೈಗೆ ಕೊಟ್ಟಿದ್ದರು. ಮಿನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮನೆಯಲ್ಲೂ ಇದೇ ಕಥೆ. ಬೆಳಿಗ್ಗೆ ಹೊತ್ತಾಗುತ್ತದೆಂದು ಅಮ್ಮನೇ ಗುಂಡಿ ಹಾಕುತ್ತಿದ್ದರು, ಲೇಸ್ ಕಟ್ಟುತ್ತಿದ್ದರು. ಯಾರದ್ದೂ ತಪ್ಪಲ್ಲ. ಎಲ್ಲರೂ ಮಗುವಿಗೆ ನೋವಾಗದಿರಲಿ ಎಂದೇ ಮಾಡಿದ್ದು. ಆದರೆ ಬೇರೆ ಮಕ್ಕಳಿಗಿಂತ ಜಾಸ್ತಿ ಅಭ್ಯಾಸ ಬೇಕಾದ ಮಗುವಿಗೆ ಎಲ್ಲರಿಗಿಂತ ಕಮ್ಮಿ ಅಭ್ಯಾಸ ಸಿಗುತ್ತಿತ್ತು. ವರ್ಷ ಕಳೆದಂತೆ ಅಂತರ ಹಿಗ್ಗುತ್ತಲೇ ಹೋಗುತ್ತದೆ. ಡಿಸಿಡಿ ಇರುವ ಮಕ್ಕಳಲ್ಲಿ ಆತಂಕ, ಒಂಟಿತನ ಜಾಸ್ತಿ ಕಾಣುವುದಕ್ಕೂ ಈ ಸುಳಿಗೂ ನಂಟಿದೆ.

ಮೊದಲ ನಿರ್ಧಾರ: ಎಲ್ಲಿಂದ ಶುರು ಮಾಡುವುದು?

ಡಿಸಿಡಿ ಬಗ್ಗೆ 2019ರ ಅಂತರರಾಷ್ಟ್ರೀಯ ಶಿಫಾರಸುಗಳು ಹೇಳುವುದು ಇಷ್ಟು: ಮಗುವಿಗೆ ಯಾವ ಕೆಲಸ ಬೇಕೋ ಆ ಕೆಲಸವನ್ನೇ ನೇರವಾಗಿ ಕಲಿಸಿ. ಬರೀ ಸಮತೋಲದ ವ್ಯಾಯಾಮ, ಬರೀ ಬೆರಳಿನ ಕಸರತ್ತು ಮಾಡಿಸಿ, ಅದು ತಾನಾಗಿ ಗುಂಡಿ ಹಾಕುವುದಕ್ಕೆ ಹರಿದುಬರಲಿ ಎಂದು ಕಾಯಬೇಡಿ. ನಾನೂ ಇದನ್ನು ಒಪ್ಪುತ್ತೇನೆ. ಆದರೆ ಕಲಿಸಬೇಕಾದರೆ ಮಗು ಕೈ ಹಾಕಬೇಕಲ್ವಾ? ಗುಂಡಿ ಇರುವ ಬಟ್ಟೆ ಎದುರಿಗೆ ಇಟ್ಟರೆ ಮಿನುವಿಗೆ ಬಾಯಾರಿಕೆ ಆಗುತ್ತಿತ್ತು. ಚೆಂಡು ಇಟ್ಟರೆ, "ನಾನು ಹೇಳ್ತೀನಿ ಆಂಟಿ, ನೀವು ಮಾಡಿ." ಒತ್ತಾಯ ಮಾಡಿದರೆ ಕಣ್ಣಲ್ಲಿ ನೀರು.

ಹಾಗಾಗಿ ಮಗುವೇ ನಡೆಸುವ ಆಟದಿಂದ ಶುರು ಮಾಡುವುದೆಂದು ನಿರ್ಧಾರವಾಯಿತು. 1940ರ ದಶಕದಲ್ಲಿ ವರ್ಜೀನಿಯಾ ಆಕ್ಸ್‌ಲೈನ್ ರೂಪಿಸಿದ ದಾರಿ ಇದು. ಮಗು ಮುಂದೆ ಹೋಗುತ್ತದೆ, ಥೆರಪಿಸ್ಟ್ ಹಿಂದೆ ಹೋಗುತ್ತಾರೆ. ಮಗುವನ್ನು ಇದ್ದ ಹಾಗೆ ಒಪ್ಪಿಕೊಳ್ಳಬೇಕು. ಅವಸರ ಮಾಡಬಾರದು. ಬಹಳ ಅಗತ್ಯ ಬಿದ್ದ ಕಡೆ ಮಾತ್ರ ಮಿತಿ ಹಾಕಬೇಕು.

ಅಪ್ಪನಿಗೆ ಇದು ಸಮಾಧಾನ ತರಲಿಲ್ಲ. "ಆಡೋದಕ್ಕೆ ಮನೇಲೇ ಜಾಗ ಇದೆಯಲ್ಲ ಮೇಡಂ. ಬರವಣಿಗೆ ಯಾವಾಗ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆಟದಿಂದ ಅಕ್ಷರ ಚಂದ ಆಗುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಆಟದಿಂದ ಆಗಬೇಕಾದದ್ದು ಒಂದೇ: ಕೆಟ್ಟದಾಗಿ ಮಾಡಿದರೂ ಪರವಾಗಿಲ್ಲ ಎಂದು ಅವಳು ಕೈ ಹಾಕುವಂತಾಗುವುದು. ಅದು ಆದ ಮೇಲೆ ಕೌಶಲ ಕಲಿಸುವ ಹಂತ ಬೇರೆ ಇದೆ, ಅದನ್ನು ಬಿಡುವುದಿಲ್ಲ ಎಂದೆ. ಈ ಮಾತು ಮೊದಲೇ ಆಗಿದ್ದರಿಂದ ಮುಂದೆ ನಿಧಾನವಾದಾಗಲೂ ಅವರು ಕೈಬಿಡಲಿಲ್ಲ. ಪ್ಲೇ ಥೆರಪಿಯ ಬಗ್ಗೆ ಇಲ್ಲದ ಭರವಸೆ ಕೊಟ್ಟು ಆಮೇಲೆ ಮನೆಯವರ ನಂಬಿಕೆ ಕಳೆದುಕೊಳ್ಳುವುದನ್ನು ನಮ್ಮ ಕ್ಷೇತ್ರದಲ್ಲಿ ನೋಡಿದ್ದೇನೆ. ಅದರಿಂದ ನಷ್ಟ ಮಗುವಿಗೇ.

ಆಟದ ಕೋಣೆಯನ್ನು ಸಜ್ಜು ಮಾಡುವಾಗ ಒಂದು ವಿಷಯ ಯೋಚಿಸಿದೆವು. ಸಣ್ಣ ಸಣ್ಣ ಜೋಡಿಸುವ ಆಟಿಕೆಗಳನ್ನು ತೆಗೆದು, ದೊಡ್ಡ ಮರದ ತುಂಡು, ಗೊಂಬೆ, ಮರಳಿನ ತಟ್ಟೆ, ಕ್ಲೇ ಇಟ್ಟೆವು. ಬಲೂನು ಮತ್ತು ತೆಳುವಾದ ಬಟ್ಟೆಯ ಸ್ಕಾರ್ಫ್‌ಗಳನ್ನು ಬುಟ್ಟಿಯಲ್ಲಿ ಕಾಣುವ ಹಾಗೆ ಇಟ್ಟೆವು. ಬಲೂನು, ಸ್ಕಾರ್ಫ್ ಎರಡೂ ನಿಧಾನವಾಗಿ ಕೆಳಗೆ ಬರುತ್ತವೆ. ಊಹಿಸಲು ಸಮಯ ಸಿಗುತ್ತದೆ. ಮುಖಕ್ಕೆ ಬಡಿದರೂ ನೋಯುವುದಿಲ್ಲ. ಆದರೆ "ಬಾ, ಬಲೂನು ಆಡೋಣ" ಎಂದು ನಾನಾಗಿ ಹೇಳಬಾರದು ಎಂದೂ ತೀರ್ಮಾನವಾಯಿತು. ಹಾಗೆ ಹೇಳಿದ ಕೂಡಲೇ ಅದು ಆಟದ ವೇಷ ಹಾಕಿದ ವ್ಯಾಯಾಮ ಆಗಿಬಿಡುತ್ತದೆ. ಮಿನುವಿನಂಥ ಜಾಣ ಮಗುವಿಗೆ ಅದು ಕ್ಷಣದಲ್ಲಿ ಗೊತ್ತಾಗುತ್ತದೆ.

ಆಟದ ಕೋಣೆಯಲ್ಲಿ

ಮೊದಲ ವಾರಗಳಲ್ಲಿ ಮಿನು ಕೂತಲ್ಲಿಂದ ಹೆಚ್ಚು ಏಳಲಿಲ್ಲ. ಗೊಂಬೆಗಳನ್ನು ಸಾಲಾಗಿ ಕೂರಿಸಿ ತಾನು ಟೀಚರ್ ಆದಳು. ಒಂದು ಬಟ್ಟೆ ಗೊಂಬೆಗೆ ನೆಟ್ಟಗೆ ಕೂರಲು ಬರುತ್ತಿರಲಿಲ್ಲ, ಪಕ್ಕಕ್ಕೆ ವಾಲುತ್ತಿತ್ತು. ಅದಕ್ಕೆ ಎಲ್ಲರಿಗಿಂತ ಜಾಸ್ತಿ ಬೈಗುಳ. "ಎಷ್ಟು ಸಲ ಹೇಳಬೇಕು ನಿಂಗೆ? ಸರಿಯಾಗಿ ಕೂತ್ಕೋ!"

ಇಂಥ ಹೊತ್ತಿನಲ್ಲಿ ಬುದ್ಧಿವಾದ ಹೇಳುವುದು ಸುಲಭ. ಪಾಪ, ಬೈಬೇಡ ಎಂದು ಹೇಳಿಬಿಡಬಹುದು. ಹೇಳಿದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಿದೆ: "ಈ ಗೊಂಬೆ ಕೂತ್ಕೊಳ್ಳೋಕೆ ನೋಡ್ತಿದೆ. ಆಗ್ತಿಲ್ಲ. ಆದ್ರೂ ಬೈಗುಳ ಬೀಳ್ತಿದೆ." ಮಿನು ಸ್ವಲ್ಪ ಹೊತ್ತು ಗೊಂಬೆಯನ್ನೇ ನೋಡಿದಳು. "ಅದಕ್ಕೆ ಬರಲ್ಲ. ಅದು ಸ್ಕೋರ್ ಬರೀಲಿ," ಎಂದು ಅದನ್ನು ಎತ್ತಿ ಗೋಡೆಗೆ ಒರಗಿಸಿ ಇಟ್ಟಳು.

ಇದು ಹಲವು ವಾರ ನಡೆಯಿತು. ಒಂದೇ ಆಟ ಮತ್ತೆ ಮತ್ತೆ ಬಂದರೆ ಹೊರಗಿನವರಿಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ನಮಗೆ ಮಾತ್ರ ಸಣ್ಣ ಬದಲಾವಣೆ ಕಾಣುತ್ತಿತ್ತು. ಮೊದಲು ಬರೀ ಬೈಗುಳ ಇತ್ತು. ಆಮೇಲೆ ಗೊಂಬೆಗೆ ದಿಂಬು ಸಿಕ್ಕಿತು. ಆಮೇಲೆ ಟೀಚರ್ ಇಲ್ಲದಿದ್ದಾಗ ಆಟವಾಡುವ ಅವಕಾಶವೂ ಸಿಕ್ಕಿತು. ಹೊಟ್ಟೆನೋವು ಹೋಗಿರಲಿಲ್ಲ, ಆದರೆ ನಮ್ಮಲ್ಲಿಗೆ ಬರುವ ದಿನ ಬರುತ್ತಿರಲಿಲ್ಲ.

ನಿಜವಾದ ತಿರುವು ಬಂದದ್ದು ಬಲೂನಿನಿಂದ. ಒಂದು ದಿನ ಅವಳೇ ಬುಟ್ಟಿಯಿಂದ ಬಲೂನು ತೆಗೆದು ನನ್ನ ಕಡೆ ತಳ್ಳಿ, "ನೀವು ಬೀಳಿಸಬೇಕು," ಎಂದಳು. ಹಿಡಿಯಬೇಕು ಅಂದಿರಲಿಲ್ಲ, ಬೀಳಿಸಬೇಕು. ನಾನು ಬೀಳಿಸಿದೆ. ಅವಳು ಚೀಟಿಯಲ್ಲಿ ನನಗೆ ಸೊನ್ನೆ ಬರೆದಳು. ಮತ್ತೆ ಬೀಳಿಸು ಅಂದಳು. ಮತ್ತೆ ಸೊನ್ನೆ. ದೊಡ್ಡವರೊಬ್ಬರು ಬೀಳಿಸಿ, ಸೊನ್ನೆ ತೆಗೆದುಕೊಂಡು, ಏನೂ ಆಗದವರ ಹಾಗೆ ಮತ್ತೆ ಬಲೂನು ಎತ್ತಿಕೊಳ್ಳುವುದನ್ನು ಅವಳು ತುಂಬಾ ಗಮನವಿಟ್ಟು ನೋಡುತ್ತಿದ್ದಳು. ಇಲ್ಲಿ ನಾನು ಬೇಕಂತಲೇ ನಗಲಿಲ್ಲ, ಬೇಜಾರನ್ನೂ ನಟಿಸಲಿಲ್ಲ. "ಸೊನ್ನೆ ಬಂತು. ಇನ್ನೊಂದು ಸಲ ನೋಡ್ತೀನಿ," ಅಷ್ಟೇ.

ಮುಂದಿನ ಸಲ ನಿಯಮ ಬದಲಾಯಿತು. "ಬೀಳಿಸಿದ್ರೆ ಒಂದು ಪಾಯಿಂಟ್. ಹಿಡಿದ್ರೆ ಎರಡು. ಆಡದೇ ಇದ್ರೆ ಸೊನ್ನೆ." ಇಷ್ಟು ಹೇಳಿ ಚೀಟಿಯಲ್ಲಿ ತನ್ನ ಹೆಸರನ್ನೂ ಬರೆದುಕೊಂಡು ಎದ್ದು ನಿಂತಳು.

ಈ ನಿಯಮವನ್ನು ನಾನು ಹೇಳಿಕೊಟ್ಟಿದ್ದರೆ ಕೆಲಸ ಮಾಡುತ್ತಿತ್ತೇ? ಖಂಡಿತ ಇಲ್ಲ ಅನ್ನುವುದು ನನ್ನ ಅನಿಸಿಕೆ. "ಬಿದ್ದರೂ ಪರವಾಗಿಲ್ಲ ಪುಟ್ಟಾ" ಎಂದು ಅವಳಿಗೆ ಎಲ್ಲರೂ ಹೇಳಿದ್ದರು. ಆ ಮಾತಿಗೆ ಅವಳ ಲೆಕ್ಕದಲ್ಲಿ ಬೆಲೆ ಇರಲಿಲ್ಲ. ತಾನೇ ಅಂಪೈರ್ ಆಗಿ, ತನ್ನ ಕೈಯಾರೆ ಬರೆದ ನಿಯಮಕ್ಕೆ ಬೆಲೆ ಇತ್ತು.

ಆ ದಿನ ಹಿಡಿದದ್ದು ಕಮ್ಮಿ, ಬೀಳಿಸಿದ್ದು ಜಾಸ್ತಿ. ಆದರೆ ಕಣ್ಣು ಬಲೂನಿನ ಮೇಲೇ ಇತ್ತು.

ಎರಡನೇ ನಿರ್ಧಾರ: ಯಾರ ಗುರಿ?

ಇಲ್ಲಿಂದ ಮುಂದೆ ಸುಮ್ನೆ ಆಟವನ್ನೇ ಮುಂದುವರಿಸಬಹುದಿತ್ತು. ಮಗು ಖುಷಿಯಾಗಿತ್ತು, ಓಡಾಡುತ್ತಿತ್ತು. ಆದರೆ ಖುಷಿಯಾಗಿರುವ ಮಗುವಿಗೂ ನಾಳೆ ಬೆಳಿಗ್ಗೆ ಗುಂಡಿ ಹಾಕಲು ಬರಬೇಕು. ಬಲೂನು ಹಿಡಿಯಲು ಕಲಿತ ಕೈ ತಾನಾಗಿ ಲೇಸ್ ಕಟ್ಟುವುದಿಲ್ಲ. ಡಿಸಿಡಿಯಲ್ಲಿ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಸಲೀಸಾಗಿ ಹೋಗದಿರುವುದೇ ದೊಡ್ಡ ತೊಡಕು. ಹಾಗಾಗಿ ಸಮಯವನ್ನು ಎರಡು ಭಾಗ ಮಾಡಿದೆವು. ಅರ್ಧ ಸಮಯ ಅವಳದೇ ಆಟ, ಅದರಲ್ಲಿ ನಾನು ಏನನ್ನೂ ಕಲಿಸುವುದಿಲ್ಲ. ಇನ್ನರ್ಧ ಕಲಿಯುವ ಸಮಯ. ಎರಡನ್ನೂ ಬೆರೆಸಬಾರದು ಎಂದು ಗಟ್ಟಿಯಾಗಿ ಇಟ್ಟುಕೊಂಡೆವು. ಮಿನುವಿಗೂ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದೆವು.

ಏನು ಕಲಿಯುವುದು ಎಂಬ ಪ್ರಶ್ನೆ ಬಂತು. ಟೀಚರ್‌ಗೆ ಅಕ್ಷರ ಬೇಕು. ಅಮ್ಮನಿಗೆ ಗುಂಡಿ. ಅಪ್ಪನಿಗೆ ಸೈಕಲ್ ಆಸೆ. ಚಿತ್ರದ ಕಾರ್ಡ್‌ಗಳನ್ನು ಹರಡಿ ಮಿನುವನ್ನೇ ಕೇಳಿದಾಗ ಅವಳು ಎತ್ತಿಕೊಂಡದ್ದು ಮೂರು: ಸ್ಕಿಪ್ಪಿಂಗ್, ಶೂ ಲೇಸ್, ಚೆಂಡು ಹಿಡಿಯುವುದು. ಬರವಣಿಗೆಯ ಕಾರ್ಡನ್ನು ತಿರುಗಿಸಿ ಮಗುಚಿಟ್ಟಳು.

ಸ್ಕಿಪ್ಪಿಂಗ್ ಅಂದರೆ ಇಂಥ ಮಕ್ಕಳಿಗೆ ಬೆಟ್ಟ. ಎರಡು ಕೈ, ಎರಡು ಕಾಲು, ಜೊತೆಗೆ ತಾಳ, ಎಲ್ಲ ಒಂದೇ ಗಳಿಗೆಯಲ್ಲಿ ಕೂಡಬೇಕು. ಸುಲಭದಿಂದ ಶುರು ಮಾಡೋಣ ಎಂದು ಅವಳ ಮನಸ್ಸು ತಿರುಗಿಸಬೇಕೇ? ಬೇಡ ಎಂದು ತೀರ್ಮಾನಿಸಿದೆ. ಅವಳಿಗೆ ಅದು ಏಕೆ ಬೇಕು ಅನ್ನುವುದು ಗೊತ್ತಿತ್ತು. ಬಿಡುವಿನ ಹೊತ್ತಿನಲ್ಲಿ ತರಗತಿಯ ಹುಡುಗಿಯರೆಲ್ಲ ಸೇರಿ ಆಡುವುದು ಅದನ್ನೇ.

ಕಲಿಸಲು ಆರಿಸಿಕೊಂಡದ್ದು ಸಿಒ-ಒಪಿ ಅನ್ನುವ ವಿಧಾನ. ಕೆನಡಾದ ಹೆಲೀನ್ ಪೊಲಟಾಯ್ಕೊ ಮತ್ತು ಆಂಜೆಲಾ ಮ್ಯಾಂಡಿಚ್ ಇದನ್ನು ಬೆಳೆಸಿದವರು. ಮಗುವಿಗೆ ನಾಲ್ಕು ಹೆಜ್ಜೆ ಹೇಳಿಕೊಡುತ್ತೇವೆ: ಗುರಿ ಏನು, ಹೇಗೆ ಮಾಡ್ತೀನಿ, ಮಾಡು, ಹೇಗಾಯ್ತು ನೋಡು. ಉತ್ತರವನ್ನು ನಾವು ಕೊಡುವುದಿಲ್ಲ. ಮಗುವೇ ಕಂಡುಹಿಡಿಯುವ ಹಾಗೆ ಪ್ರಶ್ನೆ ಕೇಳುತ್ತೇವೆ. ಮಾತು, ಯೋಚನೆ ಚೆನ್ನಾಗಿರುವ ಮಗುವಿಗೆ ಇದು ಬಹಳ ಒಗ್ಗುತ್ತದೆ.

ಮಿನು ಹಗ್ಗ ಬೀಸಿದಳು, ಹಾರಿದಳು, ಹಗ್ಗ ಕಾಲಿಗೆ ಸಿಕ್ಕಿಕೊಂಡಿತು. ಪ್ರತಿ ಸಲವೂ ಹಾಗೇ. ನಾನು ಹಗ್ಗ ತೆಗೆದುಕೊಂಡು, "ನಾನು ಆಡ್ತೀನಿ, ನೀನು ಅಂಪೈರ್. ಹಗ್ಗ ಎಲ್ಲಿದ್ದಾಗ ಹಾರ್ತೀನಿ ನೋಡು," ಎಂದೆ. ಅವಳು ನೆಲಕ್ಕೆ ಕೂತು ನನ್ನ ಪಾದಗಳನ್ನೇ ನೋಡಿದಳು. "ಇನ್ನೊಂದ್ಸಲ," ಎಂದಳು. ಆಮೇಲೆ: "ನೀವು ಹಗ್ಗ ಟಪ್ ಅಂತ ನೆಲಕ್ಕೆ ಬಡಿದಾಗ ಹಾರ್ತೀರ. ನಾನು ಅದು ತಲೆ ಮೇಲೆ ಇರೋವಾಗ್ಲೇ ಹಾರಿಬಿಡ್ತೀನಿ."

ಎರಡು ವರ್ಷ ಆಟದ ಬಯಲಿನ ಅಂಚಿನಲ್ಲಿ ಕೂತು ಬೇರೆಯವರ ಆಟ ನೋಡಿದ ಕಣ್ಣು ಅದು. ಅಷ್ಟು ನಿಖರವಾಗಿ ಹೇಳುವ ಏಳು ವರ್ಷದ ಮಕ್ಕಳನ್ನು ನಾನು ಹೆಚ್ಚು ನೋಡಿಲ್ಲ. ಅಡಗಿಕೊಳ್ಳಲು ಬಳಸುತ್ತಿದ್ದ ಶಕ್ತಿಯೇ ಇಲ್ಲಿ ಕಲಿಯಲು ಸಿಕ್ಕಿತು. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಯೋಜನೆಯೂ ಅವಳದೇ. ಮೊದಲು ಹಗ್ಗ ಬೀಸಿ ಕಾಲ್ಬೆರಳ ಮುಂದೆ ನಿಲ್ಲಿಸುವುದು, ಆಮೇಲೆ ಆರಾಮಾಗಿ ದಾಟುವುದು. ಅದು ಬಂದ ಮೇಲೆ ಟಪ್ ಎಂಬ ಸದ್ದಿಗೆ ಕಿವಿಗೊಟ್ಟು ಹಾರುವುದು. ತೀರಾ ಹಗುರವಾದ ಹಗ್ಗ ಬೇಗ ತಿರುಗುತ್ತದೆ, ಸದ್ದೂ ಬರುವುದಿಲ್ಲ. ಅದಕ್ಕೆ ಮಣಿ ಪೋಣಿಸಿದ, ಸ್ವಲ್ಪ ಭಾರದ ಹಗ್ಗ ಕೊಟ್ಟೆವು. ಸಲಕರಣೆ ಬದಲಿಸುವುದು ಮೋಸ ಅಲ್ಲ ಎಂದು ಅಪ್ಪ-ಅಮ್ಮಂದಿರಿಗೆ ಆಗಾಗ ಹೇಳಬೇಕಾಗುತ್ತದೆ.

ಲೇಸ್‌ಗೂ ಇದೇ ದಾರಿ. ಎರಡು ಬಣ್ಣದ ಲೇಸ್, ಮೊದಲು ಶೂ ಮಡಿಲಲ್ಲಿ ಇಟ್ಟುಕೊಂಡು, ಆಮೇಲೆ ಕಾಲಿಗೆ ಹಾಕಿಕೊಂಡು. ಚೆಂಡಿನ ವಿಷಯದಲ್ಲಿ ಬಲೂನಿನಿಂದ ದೊಡ್ಡ ಮೆತ್ತನೆ ಚೆಂಡಿಗೆ ಬಂದು, ನೆಲಕ್ಕೆ ಪುಟಿದು ಬರುವ ಚೆಂಡಿನವರೆಗೆ ಹೋದೆವು.

ಮನೆ ಮತ್ತು ಶಾಲೆ

ಥೆರಪಿ ಕೋಣೆಯೊಳಗೇ ಎಲ್ಲ ಮುಗಿದರೆ ಅದು ಅಲ್ಲೇ ಉಳಿಯುತ್ತದೆ. ಅಮ್ಮನಿಗೆ ವಾರಕ್ಕೊಮ್ಮೆ ಅರ್ಧ ಗಂಟೆಯ ಆಟ ಹೇಳಿಕೊಟ್ಟೆವು. ಆ ಅರ್ಧ ಗಂಟೆ ಮೊಬೈಲ್ ಇಲ್ಲ, ತಿದ್ದುವುದಿಲ್ಲ, ಕಲಿಸುವುದಿಲ್ಲ, ಮಗು ಹೇಳಿದ ಹಾಗೆ ಆಟ. ಅಪ್ಪ-ಅಮ್ಮಂದಿರಿಗೇ ಇದನ್ನು ಕಲಿಸುವ ಪದ್ಧತಿಯನ್ನು 1960ರ ದಶಕದಲ್ಲಿ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಶುರು ಮಾಡಿದರು. ಅಮ್ಮನಿಗೆ ತಿದ್ದದೇ ಇರುವುದೇ ಅತ್ಯಂತ ಕಷ್ಟವಾಯಿತಂತೆ. "ಬಾಯಿಗೆ ಬಂದದ್ದನ್ನು ನುಂಗಿಕೊಳ್ಳೋದೇ ಒಂದು ಕೆಲಸ ಮೇಡಂ," ಎಂದರು. ಗುಂಡಿಯ ಅಭ್ಯಾಸವನ್ನು ಬೆಳಗಿನ ಗಡಿಬಿಡಿಯಿಂದ ತೆಗೆದು ಸಂಜೆಗೆ ಹಾಕಿದೆವು. ಕೆಳಗಿನ ಗುಂಡಿಯಿಂದ ಶುರು, ಅದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಮಾತ್ರ ಅಮ್ಮ ಮೊದಲಿನ ಹಾಗೇ ಸಹಾಯ ಮಾಡಬಹುದು.

ಶಾಲೆಯಲ್ಲಿ ಕೇಳಿಕೊಂಡದ್ದು ಸ್ವಲ್ಪವೇ. ಪಾದ ನೆಲಕ್ಕೆ ತಾಗುವ ಎತ್ತರದ ಕುರ್ಚಿ. ಬೋರ್ಡಿನಿಂದ ನಕಲು ಮಾಡುವುದನ್ನು ಕಡಿಮೆ ಮಾಡುವುದು. ಬರೆಯಲು ಹೆಚ್ಚು ಸಮಯ. ಅಂಕ ಕೊಡುವಾಗ ಅಕ್ಷರದ ಅಂದ ಬೇರೆ, ಉತ್ತರ ಬೇರೆ ಎಂದು ನೋಡುವುದು. ಸ್ಕೋರ್ ಪುಸ್ತಕದ ಬಗ್ಗೆ ಟೀಚರ್ ಜೊತೆ ಉದ್ದಕ್ಕೆ ಮಾತಾಡಿದೆವು. ಅದನ್ನು ಕಿತ್ತುಕೊಳ್ಳಬೇಡಿ ಎಂದೆವು. ಎಲ್ಲ ಮಕ್ಕಳೂ ಸರದಿಯಲ್ಲಿ ಸ್ಕೋರ್ ಬರೆಯಲಿ, ಮಿನುವಿಗೂ ತನ್ನ ಸರದಿ ಬರಲಿ ಎಂದು ಒಪ್ಪಂದವಾಯಿತು. ಟೀಚರ್ ಇದನ್ನು ಮನಸಾರೆ ಮಾಡಿದರು. ಅವರಿಲ್ಲದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಏನಾಯಿತು

ಶಾಲಾ ವರ್ಷ ಮುಗಿಯುವ ಹೊತ್ತಿಗೆ ಮಿನು ಒಂದೇ ಸಮನೆ ಐದಾರು ಸಲ ಹಗ್ಗ ಹಾರುತ್ತಿದ್ದಳು. ಗೆಳತಿಯರು ಇಪ್ಪತ್ತು ಮೂವತ್ತು ಹಾರುತ್ತಾರೆ. ಅವಳಿಗೆ ಅದು ಗೊತ್ತಿತ್ತು, ಆದರೂ ಸಾಲಿನಲ್ಲಿ ನಿಲ್ಲುತ್ತಿದ್ದಳು. ಲೇಸ್ ಕಟ್ಟಲು ಬಂತು, ನಿಧಾನವಾಗಿ. ಗುಂಡಿ ಬಂತು, ಕುತ್ತಿಗೆಯ ಹತ್ತಿರದ್ದನ್ನು ಬಿಟ್ಟು. ಹೊಟ್ಟೆನೋವು ನಿಂತಿತು.

ಎಂಎಬಿಸಿ-2 ಮತ್ತೆ ಮಾಡಿದಾಗ ಒಟ್ಟು ಅಂಕ ಹಳದಿ ವಲಯಕ್ಕೆ ಬಂದಿತ್ತು. ಹಿಡಿಯುವುದು ಮತ್ತು ಸಮತೋಲ ಸುಧಾರಿಸಿತ್ತು. ಕೈಬೆರಳಿನ ಭಾಗ ಕೆಂಪಿನಲ್ಲೇ ಇತ್ತು. ಅಂದರೆ ಡಿಸಿಡಿ ಹೋಗಿರಲಿಲ್ಲ. ಹೋಗುತ್ತದೆ ಎಂದು ಯಾರಿಗೂ ಮಾತು ಕೊಟ್ಟಿರಲೂ ಇಲ್ಲ. ಬಹಳಷ್ಟು ಮಕ್ಕಳಲ್ಲಿ ಇದು ದೊಡ್ಡವರಾದ ಮೇಲೂ ಉಳಿಯುತ್ತದೆ.

ಅಕ್ಷರ? ಹೆಚ್ಚು ಬದಲಾಗಲಿಲ್ಲ. ಒತ್ತಿ ಬರೆಯುವುದು ಸ್ವಲ್ಪ ಕಮ್ಮಿಯಾಯಿತು, ವೇಗ ಮೊದಲಿನಷ್ಟೇ. ಅಪ್ಪನಿಗೆ ಇದು ಬೇಜಾರೇ.

ಇನ್ನೊಂದು ಹಿನ್ನಡೆಯೂ ಆಯಿತು. ಹೊಸ ತರಗತಿಗೆ ಹೋದಾಗ ಟೀಚರ್ ಬದಲಾದರು. ಹಳೆಯ ಒಪ್ಪಂದ ಅವರಿಗೆ ಗೊತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಮಿನು ಮತ್ತೆ ಬಯಲಿನ ಅಂಚಿಗೆ ಸರಿದಳು, ಹೊಟ್ಟೆನೋವೂ ಒಂದೆರಡು ಸಲ ಇಣುಕಿತು. ಈ ಸಲ ಅಮ್ಮ ಕಾಯಲಿಲ್ಲ. ಮೊದಲ ಹೊಟ್ಟೆನೋವಿಗೇ ಫೋನ್ ಮಾಡಿದರು. ಮಿನುವಿನ ಜೊತೆ ಕೂತು, ಅವಳು ಹೇಳಿದ್ದನ್ನು ನಾನು ಬರೆದುಕೊಂಡು, ಹೊಸ ಟೀಚರ್‌ಗೆ ಒಂದು ಪುಟದ ಕಾಗದ ಮಾಡಿದೆವು. ನನಗೆ ಯಾವುದು ಕಷ್ಟ, ಯಾವುದು ಸಹಾಯ ಆಗುತ್ತೆ, ಯಾವುದನ್ನು ನಾನೇ ಮಾಡ್ತೀನಿ, ಇಷ್ಟೇ ಅದರಲ್ಲಿ. ಕೌಶಲ ಕಳೆದುಹೋಗಿರಲಿಲ್ಲವಾದ್ದರಿಂದ ಈ ಸಲ ಬೇಗ ಚೇತರಿಸಿಕೊಂಡಳು.

ಈ ಪ್ರಕರಣ ಹೇಳಿಕೊಡುವುದು

ಆಟ ಮತ್ತು ತರಬೇತಿ ಇವುಗಳಲ್ಲಿ ಒಂದನ್ನು ಆರಿಸಿ ಎಂದರೆ ಮಿನುವಿನಂಥ ಮಗುವಿಗೆ ಯಾವುದೂ ಒಂದೇ ಸಾಲದು. ಬರೀ ತರಬೇತಿಯಾಗಿದ್ದರೆ ಕಾಪಿ ರೈಟಿಂಗ್‌ಗೆ ಆದದ್ದೇ ಸ್ಕಿಪ್ಪಿಂಗ್‌ಗೂ ಆಗುತ್ತಿತ್ತು. ಬರೀ ಆಟವಾಗಿದ್ದರೆ ಅವಳು ಬಲೂನಿನಲ್ಲೇ ಇರುತ್ತಿದ್ದಳು. ಯಾವುದು ಮೊದಲು, ಯಾವಾಗ ದಾಟಬೇಕು ಅನ್ನುವುದರಲ್ಲೇ ನಮ್ಮ ಕೆಲಸದ ಹೆಚ್ಚಿನ ಪಾಲು ಇದೆ. ನಾನು ನೋಡಿದ ಗುರುತು ಇದು: ಬೀಳಿಸಿದ ಮೇಲೆ ಮಗು ತಾನಾಗಿ ಮತ್ತೆ ಎತ್ತಿಕೊಂಡರೆ, ಕಲಿಸಲು ಹೊತ್ತು ಬಂದಿದೆ. ಬೀಳಿಸಿದ ಕೂಡಲೇ ಬೇರೆ ಮಾತು ತೆಗೆದರೆ ಇನ್ನೂ ಕಾಯಬೇಕು.

ಎಲ್ಲ ಮಕ್ಕಳಿಗೂ ಆಟದ ಹಂತ ಬೇಕೆಂದಲ್ಲ. ಡಿಸಿಡಿ ಇದ್ದೂ ಹುಮ್ಮಸ್ಸಿನಿಂದ ಮೈದಾನಕ್ಕೆ ನುಗ್ಗುವ ಮಕ್ಕಳಿದ್ದಾರೆ. ಅವರ ಜೊತೆ ನೇರವಾಗಿ ಕೌಶಲಕ್ಕೇ ಹೋಗಬಹುದು, ಹೋಗಬೇಕು. ಅವರ ಸಮಯವನ್ನು ನಮ್ಮ ಪದ್ಧತಿಯ ಪ್ರೀತಿಗೆ ಬಲಿ ಕೊಡಬಾರದು.

ಟೀಚರ್‌ಗಳಿಗೆ ಒಂದು ಮಾತು. ಆಟದ ಪೀರಿಯಡ್‌ನಲ್ಲಿ ಯಾವಾಗಲೂ ನೀರಿನ ಬಾಟಲಿ ಕಾಯುವ, ಸ್ಕೋರ್ ಬರೆಯುವ, ವಿಸಿಲ್ ಹಿಡಿದುಕೊಳ್ಳುವ ಮಗುವನ್ನು ಒಮ್ಮೆ ನೋಡಿ. ಗಲಾಟೆ ಮಾಡುವ ಮಗುವಿಗಿಂತ ಮೊದಲು ನೋಡಿ. ಅದರ ಗುಂಡಿ, ಲೇಸ್, ಪೆನ್ಸಿಲ್ ಹಿಡಿಯುವ ರೀತಿ ಗಮನಿಸಿ. ಅನುಮಾನ ಬಂದರೆ ಅಪ್ಪ-ಅಮ್ಮನಿಗೆ ಹೇಳಿ. ಐದು ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಡಿಸಿಡಿ ಎಂದು ಹೆಸರಿಡುವುದಿಲ್ಲ, ಏಕೆಂದರೆ ಆ ವಯಸ್ಸಿನಲ್ಲಿ ಮಕ್ಕಳು ಬೆಳೆಯುವ ವೇಗವೇ ಒಬ್ಬೊಬ್ಬರದು ಒಂದೊಂದು. ಐದಾದ ಮೇಲೆ ಕಾಯುವುದಕ್ಕೆ ಕಾರಣವಿಲ್ಲ.

ಮಿನುವಿನ ಕೆಲಸ ಮುಂದುವರಿದಿದೆ. ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಬರವಣಿಗೆಯ ಬಗ್ಗೆ ಮನೆಯವರು, ಶಾಲೆ, ನಾವು ಕೂತು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಚಿಕ್ಕ ಉತ್ತರಗಳನ್ನು ಕೈಯಲ್ಲಿ ಬರೆಯುವುದು, ಉದ್ದದ ಬರಹಕ್ಕೆ ಕೀಬೋರ್ಡ್ ಕಲಿಯುವುದು. ಹೇಳಬೇಕಾದ ಕಥೆ ಅವಳ ತಲೆಯಲ್ಲಿ ಬೇಕಾದಷ್ಟಿದೆ, ಅದು ಕೈ ಸೋತ ಕಾರಣಕ್ಕೆ ಅರ್ಧಕ್ಕೆ ನಿಲ್ಲಬಾರದು. ಟೈಪಿಂಗ್‌ಗೂ ಅದೇ ನಾಲ್ಕು ಹೆಜ್ಜೆ. ಗುರಿಯನ್ನು ಈ ಸಲವೂ ಅವಳೇ ಬರೆದಿದ್ದಾಳೆ: ಕೀಬೋರ್ಡ್ ನೋಡದೆ ತನ್ನ ಹೆಸರು.